ಆರು ವರ್ಷ ಇದೆ ಅಂತ ಕೂರಬೇಡ

ಮಗಾ, ಇಗ್ನೋದಲ್ಲಿ ಬಿ.ಎ.ಗೆ ಸೇರ್ತೀನಿ ಅಂದೆ, ತುಂಬ ಸಂತೋಷವಾಯ್ತು. ಊಟಿ ರಸ್ತೆಯ ಹೋಟೆಲಿನಲ್ಲಿ ಹಗಲೆಲ್ಲ ಗಲ್ಲಾ ನೋಡಿಕೊಂಡು, ರಜೆಯಲ್ಲಿ ಅಪ್ಪನ ಜೊತೆ ಹೊಲಕ್ಕಿಳಿಯುವ ನಿನ್ನಂಥವರಿಗೇ ದೂರಶಿಕ್ಷಣ ಇರೋದು. ಆದರೆ ನೀನು ಕೊನೆಗೆ ಹೇಳಿದ ಒಂದು ಮಾತು ನನಗೆ ಹಿಡಿಸಲಿಲ್ಲ: 'ಮೂರು ವರ್ಷದ ಕೋರ್ಸು, ಮುಗಿಸೋಕೆ ಆರು ವರ್ಷ ಟೈಮ್ ಕೊಡ್ತಾರೆ, ನಿಧಾನಕ್ಕೆ ಓದಿದರಾಯ್ತು.'

ಒಂದು ಸಲ ಲೆಕ್ಕ ಹಾಕಿ ನೋಡೋಣ. ಇಗ್ನೋದಲ್ಲಿ ಒಂದು ಕ್ರೆಡಿಟ್‌ಗೆ 30 ಗಂಟೆ ಓದು ಅಂತ ಲೆಕ್ಕ. ಪಾಠ ಓದೋದು, ವಿಡಿಯೊ ನೋಡೋದು, ಅಸೈನ್‌ಮೆಂಟ್ ಬರೆಯೋದು ಎಲ್ಲ ಅದರಲ್ಲೇ ಬಂತು. ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಅಂದರೆ 3,600 ಗಂಟೆ. ಮೂರೇ ವರ್ಷಕ್ಕೆ ಮುಗಿಸಬೇಕಾದರೆ ವಾರಕ್ಕೆ 23 ಗಂಟೆ ಕೂರಬೇಕು, ಅದು ನಿನ್ನ ಕೈಲಾಗದು. ಆರು ವರ್ಷ ತಗೊಂಡರೂ ವಾರಕ್ಕೆ ಹನ್ನೊಂದೂವರೆ ಗಂಟೆ ಬೇಕು, ಅದೂ ಒಂದು ವಾರವೂ ತಪ್ಪದ ಹಾಗೆ. ನಿಧಾನ ಅನ್ನೋದಕ್ಕೆ ಜಾಗ ಎಲ್ಲಿದೆ ಹೇಳು?

ಅದಕ್ಕೆ ನೀನು ಐದು ವರ್ಷ ಅಂತ ಮನಸ್ಸಿನಲ್ಲಿಟ್ಟುಕೋ. ಆರನೆಯದನ್ನು ಕಾಯಿಲೆ ಕಸಾಲೆ, ಮನೆಯ ಮದುವೆ, ಫೇಲಾದ ಪೇಪರು ಇವಕ್ಕೆ ಮೀಸಲಿಡು. ಐದಕ್ಕಾದರೆ ವಾರಕ್ಕೆ 14 ಗಂಟೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟ್ ಹಾಕಿದ ಮೇಲೆ ಊಟಿ ಕಡೆಯ ಗಾಡಿಗಳು ನಿಲ್ಲುತ್ತವೆ, ನಿನಗೂ ಬಿಡುವು. ಒಂಬತ್ತೂವರೆಯಿಂದ ಹನ್ನೊಂದರವರೆಗೆ ವಾರದಲ್ಲಿ ಆರು ದಿನ, ರಜೆಯ ದಿನ ಐದು ಗಂಟೆ. ಅಷ್ಟೇ ಸಾಕು.

ಇನ್ನು ಪರೀಕ್ಷೆ. ಅದು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಯಾವ ಸಲ ಎಷ್ಟು ಪೇಪರ್ ಬರೀಬೇಕು ಅನ್ನೋದು ನಿನ್ನ ಕೈಲೇ ಇದೆ. ಆರು ಕ್ರೆಡಿಟ್‌ನ ಪೇಪರುಗಳು ವರ್ಷಕ್ಕೆ ನಾಲ್ಕು ಮುಗಿದರೆ ಐದು ವರ್ಷಕ್ಕೆ ಸರಿಹೋಗುತ್ತೆ. ಜೂನ್‌ಗೆ ಒಂದು, ಡಿಸೆಂಬರ್‌ಗೆ ಮೂರು ಇಟ್ಟುಕೋ. ಮುಂಗಾರಿನ ಮೊದಲ ಮಳೆ ಬಿದ್ದರೆ ಚೆಂಡುಹೂವಿನ ಕೆಲಸಕ್ಕೆ ಅಪ್ಪ ನಿನ್ನನ್ನು ಕರೆಯದೆ ಇರ್ತಾರಾ? ಹೂವು ಕೊಯ್ದು ಮುಗಿದ ಮೇಲೆ ಸಿಗುವ ದಿನಗಳನ್ನು ಗಟ್ಟಿಯಾಗಿ ಹಿಡಿದುಕೋ.

ಅಸೈನ್‌ಮೆಂಟನ್ನು ಹಗುರವಾಗಿ ತಗೋಬೇಡ. ನೂರಕ್ಕೆ 30 ಅಂಕ ಅದರಲ್ಲೇ ಇದೆ. ಯಾರದೋ ಉತ್ತರ ಇಳಿಸಿಕೊಂಡು ನಕಲು ಮಾಡಿದರೆ ಪರೀಕ್ಷೆಯಲ್ಲಿ ಕೈ ಕಟ್ಟಿ ಕೂರಬೇಕಾಗುತ್ತೆ. ಒಂದು ಘಟಕ ಓದು, ಪುಸ್ತಕ ಮುಚ್ಚು, ನೆನಪಿದ್ದಷ್ಟನ್ನು ನಿನ್ನ ಮಾತಿನಲ್ಲಿ ಒಂದು ಪುಟ ಬರಿ, ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು ತುಂಬು. ಮೊಬೈಲ್ ಒತ್ತಿ ಒತ್ತಿ ಪೆನ್ನು ಮರೆತ ಕೈಗೆ ಮೂರು ಗಂಟೆ ಬರೆಯುವ ಅಭ್ಯಾಸವೂ ಆಗಬೇಕು. ಪುಸ್ತಕಗಳೆಲ್ಲ ಇಗ್ನೋದ ಇ-ಜ್ಞಾನಕೋಶ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ವೈಫೈ ಇರುವಾಗಲೇ ಇಳಿಸಿಟ್ಟುಕೋ.

ಇಂಗ್ಲಿಷಿನಲ್ಲಿ ಓದೋದು ತೀರಾ ಕಷ್ಟ ಅನ್ನಿಸಿದರೆ ಕನ್ನಡದಲ್ಲೇ ಓದಬಹುದು, ಮೈಸೂರಿನ ಮುಕ್ತಗಂಗೋತ್ರಿಯಲ್ಲಿ 1996ರಿಂದ ನಮ್ಮದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. ಎಲ್ಲೇ ಸೇರು, ದುಡ್ಡು ಕಟ್ಟುವ ಮೊದಲು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಆ ಕೋರ್ಸಿನ ಹೆಸರಿದೆಯಾ ಅಂತ ನೀನೇ ನೋಡು, ಏಜೆಂಟರ ಮಾತು ಕೇಳಬೇಡ.

ಒಂದು ವಾರ ತಪ್ಪಿಹೋದರೆ ಮುಂದಿನ ವಾರ ರಾತ್ರಿಯೆಲ್ಲ ಕೂತು ಸರಿದೂಗಿಸ್ತೀನಿ ಅಂತ ಹೊರಡಬೇಡ. ಎರಡೇ ದಿನಕ್ಕೆ ಸುಸ್ತಾಗಿ ಪುಸ್ತಕ ಎತ್ತಿಟ್ಟುಬಿಡ್ತೀಯ. ಹೋದದ್ದು ಹೋಯ್ತು, ಅವತ್ತಿನ ಒಂದೂವರೆ ಗಂಟೆ ಕೂತ್ಕೋ. ಮೊದಲನೇ ಪರೀಕ್ಷೆಗೆ ಇಟ್ಟುಕೊಂಡಷ್ಟು ಪೇಪರನ್ನೇ ಚೆನ್ನಾಗಿ ಬರೆದು ಬಾ. ಮುಂದಿನ ವರ್ಷದ ಲೆಕ್ಕ ಇಬ್ಬರೂ ಕೂತು ಹಾಕೋಣ.