ಗಾಡಿಗಿಂತ ಮೊದಲು ಕಾಗದ ನೋಡು

ಅಳಿಯಾ, ಹಳೇ ಜೀಪೊಂದನ್ನು ಕೊಂಡು ದಿನಾ ಅದರಲ್ಲೇ ಹೈದರಾಬಾದಿನ ಗಚ್ಚಿಬೌಲಿಯ ಆಫೀಸಿಗೆ ಹೋಗಬೇಕೆಂದಿದ್ದೀಯಂತೆ. ನಿಮ್ಮವ್ವ ಫೋನ್ ಮಾಡಿ, ‘ನೀನಾದರೂ ಅವನಿಗೆ ಬುದ್ಧಿ ಹೇಳು’ ಅಂದಳು. ಬೇಡ ಅನ್ನುವವನು ನಾನಲ್ಲ. ಬೀದರ್, ಹುಮನಾಬಾದ್ ಕಡೆಯ ನಮಗೆ ಜೀಪು ಯಾವತ್ತೂ ಶೋಕಿಯ ವಸ್ತುವಾಗಿರಲಿಲ್ಲ. ಮದುವೆ ದಿಬ್ಬಣಕ್ಕೂ ಅದೇ, ಹೆರಿಗೆಗೂ ಅದೇ, ಜಾತ್ರೆಗೂ ಅದೇ. ನಿನಗೆ ಅದರ ಮೇಲೆ ಮನಸ್ಸಾಗಿದ್ದು ನನಗೆ ಖುಷಿಯೇ. ಆದರೆ ಇಂಜಿನ್ನಿನ ಸದ್ದಿಗೆ ಮರುಳಾಗಿ ಅಡ್ವಾನ್ಸ್ ಕೊಟ್ಟುಬಿಡುವ ಮೊದಲು ನನ್ನ ನಾಲ್ಕು ಮಾತು ಕೇಳು.

‘ವಿಂಟೇಜ್ ಗಾಡಿ ಇಟ್ಟಿದ್ದೀನಿ’ ಎಂದು ಹೇಳಿಕೊಳ್ಳುವ ಆಸೆಯನ್ನು ಮೊದಲು ಬಿಡು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇಂಥ ವಾಹನಗಳಿಗೆಂದೇ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು. 20,000 ರೂಪಾಯಿ ಕಟ್ಟಿದರೆ ನಂಬರಿನಲ್ಲಿ ‘ವಿಎ’ ಅಕ್ಷರ ಸೇರಿ 10 ವರ್ಷಕ್ಕೆ ನೋಂದಣಿ ಸಿಗುತ್ತದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥವಕ್ಕಷ್ಟೇ ಅನುಮತಿ. ಮಾಮೂಲಿ ನೋಂದಣಿಯಲ್ಲೇ ಉಳಿದಿರುವ ಹಳೇ ಸಿಜೆ-3ಬಿ ಜೀಪು ಸಿಕ್ಕರೂ ದಿನದ ಓಡಾಟಕ್ಕೆ ನಾನು ಹೇಳುವುದಿಲ್ಲ. ಮೂರೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಪಂಜಾಗುಟ್ಟದಲ್ಲಿ ಮುಂದಿನ ಕ್ಯಾಬಿನವನು ಗಕ್ಕನೆ ನಿಂತರೆ ನೀನು ನಿಲ್ಲುವುದು ಅವನ ಡಿಕ್ಕಿಯೊಳಗೆ.

ನಿನಗೆ ಬೇಕಾದದ್ದು ಇಪ್ಪತ್ತು, ಇಪ್ಪತ್ತೈದು ವರ್ಷದ ಗಾಡಿ. ಅದಕ್ಕಿಂತ ಹಳೆಯದಾದರೂ ಎಂಬತ್ತರ ದಶಕದ ಮಹೀಂದ್ರ ಎಂಎಂ-540 ಗಟ್ಟಿಮುಟ್ಟು. ಅದರ ಪೂಜೋ ಡೀಸೆಲ್ ಇಂಜಿನ್ ಪಳಗಿದ ಕೈಗೆ ಇಂದಿಗೂ ಬಗ್ಗುತ್ತದೆ. ಜೋಂಗಾ ಜೀಪಿನ ಫೋಟೋ ನೋಡಿ ಮನಸ್ಸು ಕೆಡಿಸಿಕೊಳ್ಳಬೇಡ. ಆರು ಸಿಲಿಂಡರಿನ, ಹತ್ತಿರ ಹತ್ತಿರ ನಾಲ್ಕು ಲೀಟರಿನ ಪೆಟ್ರೋಲ್ ಇಂಜಿನ್ ಅದು, ನಿನ್ನ ಸಂಬಳವನ್ನು ಬಂಕಿನಲ್ಲೇ ಇಳಿಸಿಕೊಂಡು ಬಿಡುತ್ತದೆ. ನನ್ನ ಓಟು ಮಾರುತಿ ಜಿಪ್ಸಿಗೆ. 1985ರ ಕೊನೆಗೆ ಬಂದ ಮೊದಲ ಜಿಪ್ಸಿಯಲ್ಲ, 1996ರಲ್ಲಿ ಬಂದ 1298 ಸಿಸಿಯ ಜಿಪ್ಸಿ ಕಿಂಗ್. ಅದರಲ್ಲೂ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂದ ಮೇಲಿನದು. ಮುಂದೆ ಡಿಸ್ಕ್ ಬ್ರೇಕ್ ಇದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲು. ಹಳೇ ಗಾಡಿಯ ರಬ್ಬರ್ ಪೈಪು, ವಾಷರ್‌ಗಳಿಗೆ ಅದು ಒಗ್ಗುವುದಿಲ್ಲ. ಗಾಡಿ ಕೈಗೆ ಬಂದ ದಿನವೇ ಪೆಟ್ರೋಲ್ ಪೈಪುಗಳನ್ನೆಲ್ಲ ಹೊಸದು ಹಾಕಿಸು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಕಾಗದದ ವಿಷಯ. ಇಂಜಿನ್ ಕೆಟ್ಟಿದ್ದರೆ ವನಸ್ಥಲಿಪುರದ ಆಟೋನಗರದಲ್ಲಿ ಇಳಿಸಿ ಬೋರ್ ಮಾಡಿಸಬಹುದು, ಗೇರ್‌ಬಾಕ್ಸ್ ಬದಲಾಯಿಸಬಹುದು. ಚಾಸಿ ನಂಬರ್ ಕೆಟ್ಟಿದ್ದರೆ ಅದಕ್ಕೆ ಮೆಕ್ಯಾನಿಕ್ ಇಲ್ಲ. ಅದಕ್ಕೇ ಗಾಡಿ ನೋಡಲು ಹೋಗುವಾಗ ಜೇಬಿನಲ್ಲಿ ತೆಳ್ಳನೆ ಕಾಗದ, ಒಂದು ಪೆನ್ಸಿಲ್, ಚಿಂದಿ ಬಟ್ಟೆ ಇರಲಿ. ಚಾಸಿಯ ಮೇಲೆ ನಂಬರ್ ಇರುವ ಜಾಗದ ಎಣ್ಣೆಮಣ್ಣನ್ನು ಒರೆಸಿ, ಕಾಗದ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡಡ್ಡ ಉಜ್ಜು. ಆರ್‌ಟಿಒ ಕಚೇರಿಯಲ್ಲೂ ಹೀಗೇ ತೆಗೆಯುತ್ತಾರೆ. ಅಂಕಿಗಳು ಒಂದೇ ಸಾಲಿನಲ್ಲಿ, ಒಂದೇ ಆಳದಲ್ಲಿ ಮೂಡಬೇಕು. ಒಂದು ಅಂಕಿ ಮೇಲೆ, ಇನ್ನೊಂದು ವಾಲಿಕೊಂಡು, ಸುತ್ತ ಗ್ರೈಂಡರ್ ಆಡಿಸಿದ ಗೆರೆ, ಅಲ್ಲಷ್ಟೇ ಹೊಸ ಕಪ್ಪು ಬಣ್ಣ ಕಂಡರೆ ಚಹಾ ಕುಡಿದು ನಮಸ್ಕಾರ ಹೇಳಿ ಎದ್ದು ಬಾ. ಕದ್ದ ಗಾಡಿಯೋ, ಗುಜರಿಯ ಆರ್‌ಸಿಗೆ ಹೊಂದಿಸಿದ ಗಾಡಿಯೋ, ನಮಗ್ಯಾಕೆ ಆ ಉಸಾಬರಿ?

ಪಂಜಾಬ್ ಗಡಿಯ ಮಂಡಿ ಡಬ್ವಾಲಿಯಲ್ಲಿ ತಯಾರಾಗುವ ಹೊಳೆಹೊಳೆಯುವ ಜೀಪುಗಳ ವೀಡಿಯೊಗಳನ್ನು ನೀನೂ ನೋಡಿರುತ್ತೀಯ. ದಪ್ಪ ಟೈರು, ಯಾವುದೋ ಗಾಡಿಯ ಇಂಜಿನ್ನು, ಇನ್ಯಾವುದೋ ಗಾಡಿಯ ಆಕ್ಸಲ್ಲು. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದಿನಾ ಸೈಬರಾಬಾದ್ ಪೊಲೀಸರ ಕಣ್ಣೆದುರು ಓಡಾಡುವವನು ಅಂಥ ಗಾಡಿ ಕೊಳ್ಳಬಾರದು. ಕಂಪನಿಯಿಂದ ಬಂದ ಹಾಗೇ ಇರುವ, ಒಂದಿಷ್ಟು ಬಣ್ಣ ಮಾಸಿದ ಗಾಡಿಯೇ ನಿನಗೆ ಒಳ್ಳೆಯದು. ಹೊಸ ಪೇಂಟ್ ಕಂಡರೆ ನನಗಂತೂ ಅದರ ಕೆಳಗೆ ಎಷ್ಟು ಮೆಟಲ್ ಪೇಸ್ಟ್ ಇದೆಯೋ ಅನ್ನಿಸುತ್ತದೆ.

ಹಳೇ ಎಪಿ ನಂಬರಿನ ಗಾಡಿಯಾದರೆ ಅದರ ವಿವರ ಆನ್‌ಲೈನಿನಲ್ಲಿ ಬರುತ್ತದೋ ಇಲ್ಲವೋ ನೋಡು. ಪುಸ್ತಕದ ಕಾಲದ ಎಷ್ಟೋ ಆರ್‌ಸಿಗಳು ಕಂಪ್ಯೂಟರಿಗೆ ಏರಿಯೇ ಇಲ್ಲ. ಮೂಲ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಆ ಓಡಾಟ ಮಾರುವವನದಾಗಲಿ, ನಿನ್ನದಲ್ಲ. ನಮ್ಮ ಬೀದರಿನಲ್ಲೋ ಕಲಬುರಗಿಯಲ್ಲೋ ಅಗ್ಗಕ್ಕೆ ಸಿಕ್ಕಿತೆಂದು ಕೆಎ ನಂಬರಿನ ಗಾಡಿ ತಂದರೆ, ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ತೆಗೆಸಬೇಕು, ಅಲ್ಲಿ ತೆರಿಗೆ ಕಟ್ಟಿ ಟಿಜಿ ನಂಬರ್ ಮಾಡಿಸಬೇಕು. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ನಿಲ್ಲುವಂತಿಲ್ಲ. ಆ ಲೆಕ್ಕ ಹಾಕದೆ ಅಗ್ಗ ಅನ್ನಬೇಡ. ಸೇನೆಯ ಹರಾಜಿನಿಂದ ಬಂದ ಜಿಪ್ಸಿಯಾದರೆ ನೋಂದಣಿಯ ವರ್ಷವನ್ನಲ್ಲ, ತಯಾರಾದ ವರ್ಷವನ್ನು ಓದು.

15 ವರ್ಷ ದಾಟಿದ ಸ್ವಂತ ಗಾಡಿಗೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರು, ಜೀಪುಗಳಿಗೆ 2025ರ ಆಗಸ್ಟಿನಲ್ಲಿ 10,000 ಆಯಿತು. ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ನಿಗದಿಯಾದ ದರ 1500 ಸಿಸಿ ಒಳಗಿನ ಜಿಪ್ಸಿಗೆ ವರ್ಷಕ್ಕೆ 3,416 ರೂಪಾಯಿ, ಅದಕ್ಕೂ ದೊಡ್ಡ ಇಂಜಿನ್ನಿನ ಎಂಎಂ-540ಗೆ 7,897. ಮಾರುವವನ ಆರ್‌ಸಿಯಲ್ಲಿ ಎಷ್ಟು ವರ್ಷ ಉಳಿದಿದೆ ಎಂಬುದನ್ನು ಹಿಡಿದು ಚೌಕಾಶಿ ಮಾಡು.

ಗಾಡಿ ನೋಡಲು ಬೆಳಿಗ್ಗೆಯೇ ಹೋಗು, ಹೇಳದೆ ಹೋಗು. ಮೊದಲೇ ಹೇಳಿದರೆ ಇಂಜಿನ್ ಬಿಸಿ ಮಾಡಿ ಇಟ್ಟಿರುತ್ತಾರೆ. ತಣ್ಣಗಿರುವಾಗ ಸ್ಟಾರ್ಟ್ ಆದರೆ ಮಾತ್ರ ಅದು ಲೆಕ್ಕಕ್ಕೆ. ಜಿಪ್ಸಿಯನ್ನು ತಿನ್ನುವುದು ತುಕ್ಕು. ಮ್ಯಾಟ್ ಎತ್ತಿ ನೆಲವನ್ನೂ ಹಿಂದಿನ ಕಮಾನ್ ಪಟ್ಟಿ ಕೂತಿರುವ ಜಾಗವನ್ನೂ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡು. ಹೈದರಾಬಾದಿನ ಮೇ ತಿಂಗಳಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ರೇಡಿಯೇಟರ್ ತಡೆಯಬೇಕು, ಹಾಗಾಗಿ ನಡುಮಧ್ಯಾಹ್ನ ಅಮೀರ್‌ಪೇಟೆಯಲ್ಲಿ ಒಂದು ಸುತ್ತು ಹೊಡೆಸಿಯೇ ಮಾತು ಮುಗಿಸು. ಸ್ಟೀರಿಂಗಿನಲ್ಲಿ ಆಟ ಎಷ್ಟಿದೆ ನೋಡು. ಫೋರ್-ವೀಲ್ ಲಿವರನ್ನು ಮಣ್ಣಿನಲ್ಲಿ ಹಾಕಿ ನೋಡು, ಒಣ ಡಾಂಬರಿನಲ್ಲಿ ಬೇಡ, ಗೇರುಗಳು ಬಿಗಿದುಕೊಳ್ಳುತ್ತವೆ. ಔಟರ್ ರಿಂಗ್ ರೋಡಿಗೆ ಮಾತ್ರ ಇದನ್ನು ಒಯ್ಯಬೇಡ. ಅಲ್ಲಿ 120ರಲ್ಲಿ ಹೋಗುವವರ ನಡುವೆ ಕಮಾನ್ ಪಟ್ಟಿಯ ಗಾಡಿಗೆ ಜಾಗವಿಲ್ಲ. ಹಿಂದಿನ ಉದ್ದ ಸೀಟಿನಲ್ಲಿ ಮಕ್ಕಳನ್ನೂ ಕೂರಿಸಬೇಡ, ಅಲ್ಲಿ ಬೆಲ್ಟ್ ಇರುವುದಿಲ್ಲ.

ಗಾಡಿ ಕೆಟ್ಟು ನಿಂತು ರಾಣಿಗಂಜ್‌ನಲ್ಲಿ ಬಿಡಿಭಾಗ ಹುಡುಕುವ ದಿನಗಳೂ ಬರುತ್ತವೆ. ಆಗ ಆಫೀಸಿಗೆ ಹೋಗಲು ತಾರ್ನಾಕದಲ್ಲಿ ಮೆಟ್ರೋ ಹತ್ತಿ ರಾಯದುರ್ಗದಲ್ಲಿ ಇಳಿ. ಮೆಟ್ರೋ ಕಾರ್ಡಿನಲ್ಲಿ ಯಾವಾಗಲೂ ದುಡ್ಡಿರಲಿ.

ಫಾರಂ 29, 30ಕ್ಕೆ ಇಬ್ಬರ ಸಹಿಯೂ ಬೀಳಲಿ. ಆರ್‌ಸಿಯಲ್ಲಿ ನಿನ್ನ ಹೆಸರು ಬರುವ ತನಕ ಪೂರ್ತಿ ದುಡ್ಡು ಕೊಡಬೇಡ, ಮಾರುವವನು ನಮ್ಮೂರಿನವನೇ ಆಗಿದ್ದರೂ.