ಬೇಲಿಯ ಬಲವೆಲ್ಲ ಮೂಲೆ ಕಂಬದಲ್ಲಿ

ತಂತಿಬೇಲಿ ಹಾಕಿಸಲು ಹೊರಟವರು ಮೊದಲು ಕೇಳುವುದು, "ಕೂಚ ಒಂದಕ್ಕೆ ಎಷ್ಟು ಬೀಳುತ್ತೆ?" ಕೂಚ ಎಂದರೆ ಬೇಲಿಯ ಕಲ್ಲುಕಂಬ. ಜಮೀನಿನ ಸುತ್ತಳತೆಯನ್ನು ಹತ್ತಡಿಯಿಂದ ಭಾಗಿಸಿ, ಬಂದಷ್ಟು ಕೂಚಕ್ಕೆ ಬೆಲೆ ಕಟ್ಟಿ, ಮೇಲೆ ತಂತಿಯ ತೂಕ ಸೇರಿಸಿದರೆ ಲೆಕ್ಕ ಮುಗಿಯಿತು ಅಂದುಕೊಳ್ಳುತ್ತಾರೆ. ಹಳ್ಳಿಮೈಸೂರು ಹೋಬಳಿಯಲ್ಲಿ ಮೊದಲು ನಮ್ಮ ತೋಟಕ್ಕೆ, ಆಮೇಲೆ ನೆಂಟರಿಷ್ಟರ, ಅಕ್ಕಪಕ್ಕದವರ ಜಮೀನಿಗೆ ಬೇಲಿ ನಿಲ್ಲಿಸುವಾಗ ಜೊತೆಗಿದ್ದು ಕಂಡದ್ದನ್ನು ಹೇಳುತ್ತೇನೆ. ಆ ಲೆಕ್ಕದಲ್ಲಿ ಎಲ್ಲ ಕಂಬಗಳನ್ನೂ ಒಂದೇ ಎಂದು ಹಿಡಿದಿರುತ್ತಾರೆ. ಬೇಲಿ ಸೋಲುವುದು ಅಲ್ಲೇ.

ನಡುವಿನ ಕಂಬಕ್ಕೆ ಹೆಚ್ಚಿನ ಕೆಲಸವಿಲ್ಲ. ಎಡಗಡೆಯ ತಂತಿ ಎಳೆದಷ್ಟೇ ಬಲಗಡೆಯದೂ ಎಳೆಯುತ್ತದೆ, ಒಂದಕ್ಕೊಂದು ಸರಿಹೋಗುತ್ತದೆ. ತಂತಿ ನೆಲಕ್ಕೆ ಜೋಲದ ಹಾಗೆ ಎತ್ತಿ ಹಿಡಿದರೆ ಅದರ ಕೆಲಸ ಆಯಿತು. ಮೂಲೆ ಕಂಬದ ಪಾಡು ಹಾಗಲ್ಲ. ಎರಡೂ ಬದಿಯ ಐದೈದು ಸಾಲು ತಂತಿ ಅದನ್ನು ಹಗಲೂ ರಾತ್ರಿ ತಂತಮ್ಮ ಕಡೆಗೆ ಎಳೆಯುತ್ತಿರುತ್ತವೆ, ಎದುರು ಎಳೆಯಲು ಯಾರೂ ಇಲ್ಲ. ನೆಲದಿಂದ ನಾಲ್ಕೂವರೆ ಅಡಿ ಮೇಲಿರುವ ತಂತಿಯೊಂದು ಐವತ್ತು ಕಿಲೋ ಬಲದಿಂದ ಎಳೆಯುತ್ತಿದೆ ಎಂದಿಟ್ಟುಕೊಳ್ಳಿ. ಎರಡಡಿ ಹೂತ ಬುಡ ಅದಕ್ಕೆ ಎದುರು ನಿಲ್ಲಬೇಕಾದರೆ ಮಣ್ಣು ಅದರ ಇಮ್ಮಡಿಗೂ ಹೆಚ್ಚು ಬಲ ಕೊಡಬೇಕು. ಅದು ಮೇಲಿನ ಒಂದೇ ತಂತಿಯ ಮಾತು. ಉಳಿದ ನಾಲ್ಕನ್ನೂ ಸೇರಿಸಿದರೆ ಮೂಲೆ ಕಂಬಗಳು ಮೊದಲ ಮುಂಗಾರಿನಲ್ಲೇ ಒಳಕ್ಕೆ ಯಾಕೆ ವಾಲುತ್ತವೆ ಎಂಬುದು ತಿಳಿಯುತ್ತದೆ. ಮೂಲೆ ಅರ್ಧ ಅಡಿ ವಾಲಿದರೆ ಸಾಲಿನುದ್ದಕ್ಕೂ ತಂತಿ ಸಡಿಲ. ಆಮೇಲೆ ನಡುವಿನ ಕೂಚಗಳು ಎಷ್ಟು ಗಟ್ಟಿಯಾಗಿದ್ದರೂ ಎಮ್ಮೆ ಕತ್ತು ತೂರಿಸಿ ದಾಟಿಹೋಗುತ್ತದೆ.

ಎಳೆತ ಒಂದೇ ಸಮ ಇರುವುದೂ ಇಲ್ಲ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ನೂರು ಮೀಟರ್ ತಂತಿ 20 ಡಿಗ್ರಿ ತಣಿದರೆ ಸುಮಾರು 2.4 ಸೆಂಟಿಮೀಟರ್ ಗಿಡ್ಡವಾಗುತ್ತದೆ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ವೀಣೆಯ ತಂತಿಯಂತೆ ಬಿಗಿದು ಕಟ್ಟಿಸಿಕೊಂಡವರ ಮೂಲೆ ಕಂಬ ಡಿಸೆಂಬರಿನ ಬೆಳಗಿನ ಜಾವ ಆ ಕುಗ್ಗುವಿಕೆಯ ಭಾರವನ್ನೂ ಹೊರಬೇಕಾಗುತ್ತದೆ. ಬೇಸಿಗೆಯ ಬಿಸಿಲಲ್ಲಿ ಕಟ್ಟುವಾಗ ತುಸು ಸಡಿಲ ಬಿಡಬೇಕು. ಕಟ್ಟುವವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಯಜಮಾನ ಕೈಯಿಟ್ಟು ನೋಡಿ 'ಬಿಗಿ ಸಾಲದು' ಅನ್ನುತ್ತಾನೆ ಎಂಬ ಅಂಜಿಕೆ ಅವರಿಗೆ.

ಮೂಲೆಗೆ ಒತ್ತಾಸೆಯಾಗಿ ಓರೆಗಲ್ಲು ಕೊಡುವುದು ನಮ್ಮ ಕಡೆ ಹಳೆಯ ರೂಢಿ. ಈಗ ಎಲ್ಲರೂ ಅದಕ್ಕೆ ಸಪೋರ್ಟ್ ಕಲ್ಲು ಅನ್ನುತ್ತಾರೆ. ಇದು ಕಲ್ಲಿನ ಸ್ವಭಾವ ಬಲ್ಲವರು ಕಂಡುಕೊಂಡ ದಾರಿ. ಕಲ್ಲನ್ನು ಅದುಮಿದರೆ ತಡೆಯುತ್ತದೆ, ಬಾಗಿಸಲು ಹೋದರೆ ಮುರಿಯುತ್ತದೆ. ತಂತಿ ಎಳೆಯುವ ಕಡೆಗೆ, ಅಂದರೆ ತಂತಿಯ ಸಾಲಿನ ಕೆಳಗೇ ಓರೆಗಲ್ಲು ಆನಿಸಿದರೆ ಎಳೆತ ಆ ಕಲ್ಲನ್ನು ಉದ್ದಕ್ಕೆ ಅದುಮುತ್ತದೆ. ಬಾಗುವ ಕಷ್ಟ ತಪ್ಪಿ, ಕಲ್ಲಿಗೆ ಒಗ್ಗುವ ಕೆಲಸ ಕಲ್ಲಿಗೆ ಸಿಗುತ್ತದೆ.

ಆದರೆ ಓರೆಗಲ್ಲು ಇಟ್ಟ ಮಾತ್ರಕ್ಕೆ ಆಗಲಿಲ್ಲ. ಜಾಗ ಉಳಿಸಲು ಬುಡವನ್ನು ಕಂಬದ ಹತ್ತಿರವೇ ಎರಡಡಿಗೆ ಊರಿ ಕಡಿದಾಗಿ ನಿಲ್ಲಿಸುವುದನ್ನು ಬೇಕಾದಷ್ಟು ಕಡೆ ಕಂಡಿದ್ದೇನೆ. ಹಾಗೆ ನಿಂತ ಕಲ್ಲು ಕಂಬವನ್ನು ತಡೆಯುವ ಬದಲು ಮೇಲಕ್ಕೆ ಎತ್ತುತ್ತದೆ. ಮಳೆಗೆ ನೆಲ ಮೆತ್ತಗಾದಾಗ ಮೂಲೆ ಕಂಬ ಬುಡಸಮೇತ ಮೇಲೆದ್ದು ಬರುತ್ತದೆ. ನೆಲದ ಮೇಲೆ ಐದಡಿ ಇರುವ ಕಂಬಕ್ಕೆ ಮೂರು ಮೂರೂವರೆ ಅಡಿ ಎತ್ತರದಲ್ಲಿ ಓರೆಗಲ್ಲಿನ ತಲೆ ತಾಗಬೇಕು, ಬುಡ ಐದಾರು ಅಡಿ ದೂರಕ್ಕೆ ಹೋಗಬೇಕು. ಏಳಡಿಯ ಕಲ್ಲು ಇದಕ್ಕೆ ಸರಿಯಾಗುತ್ತದೆ. ಬುಡದ ಹಿಂದೆ ಅಗಲವಾದ ಚಪ್ಪಡಿ ಕಲ್ಲೊಂದನ್ನು ನೆಟ್ಟಗೆ ಹೂಳಬೇಕು, ಇಲ್ಲದಿದ್ದರೆ ಓರೆಗಲ್ಲು ಮಣ್ಣನ್ನು ಸೀಳಿಕೊಂಡು ಹಿಂದೆ ಸರಿಯುತ್ತದೆ. ತಲೆ ಜಾರದಂತೆ ಕಂಬದಲ್ಲಿ ಒಂದು ಬೆರಳಿನಷ್ಟು ಆಳಕ್ಕೆ ಕಚ್ಚು ಹೊಡೆಸಿದರೆ ಸಾಕು, ಹೆಚ್ಚು ಬೇಡ. ಮೂಲೆಯಲ್ಲಿ ಎರಡು ದಿಕ್ಕಿನ ಎಳೆತ ಇರುವುದರಿಂದ ಎರಡು ಓರೆಗಲ್ಲು ಬೇಕೇ ಬೇಕು. ಸಾಲು ಉದ್ದವಾದರೆ ಪ್ರತಿ ಮುನ್ನೂರು ಅಡಿಗೊಂದು ಕಂಬಕ್ಕೆ ಎರಡೂ ಕಡೆ ಒತ್ತು ಕೊಡಿಸುವುದು ಒಳ್ಳೆಯದು. ಎಲ್ಲೋ ಒಂದು ಕಡೆ ತಂತಿ ತುಂಡಾದರೂ ಆಗ ಇಡೀ ಸಾಲು ಸಡಿಲವಾಗುವುದಿಲ್ಲ.

ಇನ್ನು ಕಲ್ಲಿನ ಮಾತು. ಇದರಲ್ಲಿ ನನಗೆ ವಿಶೇಷ ಆಸಕ್ತಿ. ನಾವು ಕಾಲೂರಿ ನಿಂತಿರುವ ನೆಲ ದೇಶದ ಅತಿ ಹಳೆಯ ಬಂಡೆಗಳ ಸೀಮೆಗಳಲ್ಲೊಂದು. ಹೊಳೆನರಸೀಪುರದ ಶಿಸ್ಟ್ ಪಟ್ಟಿ ಎಂದರೆ ಭೂವಿಜ್ಞಾನಿಗಳಿಗೆಲ್ಲ ಗೊತ್ತು. ಗೊರೂರಿನ ನೈಸ್ ಬಂಡೆಯ ವಯಸ್ಸು ಸುಮಾರು 330 ಕೋಟಿ ವರ್ಷ ಎಂದು ಅವರು ಅಳೆದಿದ್ದಾರೆ. ಕೂಚ ಕೊಳ್ಳುವವನಿಗೆ ಇದರಿಂದ ಏನು ಉಪಯೋಗ ಎಂದು ಕೇಳಬಹುದು. ಇದೆ. ಶಿಸ್ಟ್ ಪಟ್ಟಿಯ ಕಲ್ಲು ಪದರಪದರವಾಗಿ ಏಳುತ್ತದೆ, ಕೆಲವು ಕಡೆ ಬಳಪದಂತೆ ಮೆತ್ತಗೆ. ಅದು ಕಂಬಕ್ಕೆ ಆಗದು. ನೈಸ್ ಮತ್ತು ಗ್ರಾನೈಟ್ ಗಟ್ಟಿ. ಶ್ರವಣಬೆಳಗೊಳದ ಗೊಮ್ಮಟ ಒಂದು ಸಾವಿರ ವರ್ಷದಿಂದ ಮಳೆ ಬಿಸಿಲಿಗೆ ಮೈಯೊಡ್ಡಿ ನಿಂತಿರುವುದು ಗ್ರಾನೈಟಿನಲ್ಲಿ. ಅದೇ ತಾಲ್ಲೂಕಿನ ನುಗ್ಗೇಹಳ್ಳಿಯ ಹೊಯ್ಸಳ ಗುಡಿಯ ಕುಸುರಿ ಕೆಲಸಕ್ಕೆ ಆರಿಸಿಕೊಂಡದ್ದು ಬಳಪದ ಕಲ್ಲು. ಯಾವ ಕೆಲಸಕ್ಕೆ ಯಾವ ಕಲ್ಲು ಎಂಬುದು ಈ ಸೀಮೆಯವರಿಗೆ ಎಂದಿನಿಂದಲೋ ಗೊತ್ತು.

ನೈಸ್ ಕಲ್ಲಿನಲ್ಲಿ ಬಿಳಿ ಕಪ್ಪು ಪಟ್ಟೆಗಳಿರುತ್ತವೆ. ಕಪ್ಪು ಪಟ್ಟೆಯಲ್ಲಿ ಕಾಗೆಬಂಗಾರ ಹೆಚ್ಚು, ಅಲ್ಲಿ ಕಲ್ಲು ಬಿಡುತ್ತದೆ. ಪಟ್ಟೆ ಕೂಚದ ಉದ್ದಕ್ಕೆ ಹರಿದಿದ್ದರೆ ತೊಂದರೆಯಿಲ್ಲ. ಅಡ್ಡಕ್ಕೋ ಓರೆಗೋ ಹಾದಿದ್ದರೆ, ಅದರಲ್ಲೂ ನೆಲಮಟ್ಟಕ್ಕೆ ಬರುವ ಜಾಗದಲ್ಲಿ ಹಾದಿದ್ದರೆ, ಆ ಕಲ್ಲನ್ನು ಲಾರಿಯಿಂದ ಇಳಿಸಿಕೊಳ್ಳಬಾರದು. ಕಂಬ ಮುರಿಯುವುದೇ ನೆಲಮಟ್ಟದಲ್ಲಿ. ಕಣ್ಣಿಗೆ ಕಾಣದ ಬಿರುಕನ್ನು ಸುತ್ತಿಗೆಯ ಏಟು ಹೇಳುತ್ತದೆ. ಒಳ್ಳೆಯ ಕಲ್ಲು ಕಣಕಣ ಅನ್ನುತ್ತದೆ, ಬಿರುಕು ಬಿಟ್ಟದ್ದು ಡಬ್ ಅನ್ನುತ್ತದೆ. ಉಳಿ, ಬೆಣೆ ಹಿಡಿದು ಬಾಳಿದ ಹಿರಿಯರೊಬ್ಬರು ನನಗೆ ಇದನ್ನು ಕಲಿಸಿದ್ದು ಹೀಗೆ: "ಕಣ್ಣು ಮುಚ್ಕೊಂಡು ಕೇಳಿ ಅಣ್ಣ, ಕಲ್ಲೇ ಹೇಳ್ತದೆ." ಅವರು ರಾಶಿಯ ಒಂದೊಂದು ಕಲ್ಲನ್ನೂ ಬಡಿದು ಕೇಳಿ ಬೇರೆ ಮಾಡುತ್ತಿದ್ದರು. ಸರಕು ತಂದವರು ಬೇಸರಪಟ್ಟರೂ ನಾನು ಈಗಲೂ ಹಾಗೆಯೇ ಮಾಡಿಸುತ್ತೇನೆ.

ದಪ್ಪದ ವಿಷಯದಲ್ಲಿ ಒಂದಂಗುಲ ಎಷ್ಟು ದೊಡ್ಡದು ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ನಾಲ್ಕಂಗುಲ ಚೌಕದ ಕಲ್ಲಿಗಿಂತ ಐದಂಗುಲ ಚೌಕದ್ದು ಬಾಗುವ ಬಲಕ್ಕೆ ಹೆಚ್ಚುಕಡಿಮೆ ಎರಡರಷ್ಟು ತಡೆಯುತ್ತದೆ. ತೂಕ ಹೆಚ್ಚುವುದು ಒಂದೂವರೆ ಪಟ್ಟು ಮಾತ್ರ. ಏಳಡಿಯ ನಾಲ್ಕಂಗುಲದ ಕೂಚ 58 ಕಿಲೋ ಆಸುಪಾಸು ಇದ್ದರೆ ಐದಂಗುಲದ್ದು 90 ಕಿಲೋ. ನಡುವಿಗೆ ನಾಲ್ಕಂಗುಲ ಸಾಕು, ಮೂಲೆಗೆ ಆರಂಗುಲದ ಎಂಟಡಿ ಕಲ್ಲೇ ಬೇಕು. ಇನ್ನೊಂದು ಸಂಗತಿ ನೆಡುವವರು ಗಮನಿಸುವುದೇ ಇಲ್ಲ. ಕಲ್ಲು ಎಂದೂ ಸರಿಯಾದ ಚೌಕವಾಗಿ ಒಡೆಯುವುದಿಲ್ಲ. ಒಂದು ಮಗ್ಗುಲು ನಾಲ್ಕು, ಇನ್ನೊಂದು ಆರಂಗುಲ ಇರುತ್ತದೆ. ಬಲ ಬರುವ ದಿಕ್ಕಿನ ಉದ್ದಕ್ಕೆ ಆರಂಗುಲದ ಮಗ್ಗುಲು ಬರುವಂತೆ ತಿರುಗಿಸಿ ನೆಟ್ಟರೆ ಅದೇ ಕಲ್ಲು ಒಂದೂವರೆ ಪಟ್ಟು ತಡೆಯುತ್ತದೆ. ಇದಕ್ಕೆ ಕಾಸೂ ಖರ್ಚಿಲ್ಲ.

ಬೇಲಿಗೆ ಕಲ್ಲುಕಂಬ ನೆಡುವುದು ನಮ್ಮಲ್ಲಷ್ಟೇ ಅಲ್ಲ. ಮುಳ್ಳುತಂತಿಗೆ ಅಮೆರಿಕದ ಇಲಿನಾಯ್ಸ್‌ನಲ್ಲಿ ಜೋಸೆಫ್ ಗ್ಲಿಡನ್ ಎಂಬ ರೈತ 1874ರಲ್ಲಿ ಪೇಟೆಂಟ್ ಪಡೆದ. ತಂತಿ ಬಂತು, ಆದರೆ ಕಾನ್ಸಸ್‌ನ ಬಯಲಿನಲ್ಲಿ ಕಂಬಕ್ಕೆ ಮರವೇ ಇರಲಿಲ್ಲ. ಅಲ್ಲಿನ ರೈತರು ನೆಲದಡಿಯ ಸುಣ್ಣದ ಕಲ್ಲಿನ ಪದರವನ್ನು ಸಾಲಾಗಿ ತೂತು ಕೊರೆದು, ಬೆಣೆ ಬಡಿದು, ಸೀಳಿ ಕಂಬ ಮಾಡಿಕೊಂಡರು. ಆ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಆ ಕಂಬಗಳು ಈಗಲೂ ಅಲ್ಲಿನ ಹೊಲಗಳಲ್ಲಿ ನಿಂತಿವೆ. ನಮ್ಮ ಕಲ್ಲು ಅದಕ್ಕಿಂತ ಎಷ್ಟೋ ಗಟ್ಟಿ. ನಮ್ಮ ಬೇಲಿ ಅದಕ್ಕಿಂತ ಕಡಿಮೆ ಬಾಳಬೇಕಾದ ಕಾರಣವೇ ಇಲ್ಲ.

ಕಾರಣ ಇದ್ದರೆ ಅದು ಗುಂಡಿಯಲ್ಲಿದೆ. ಕೂಲಿಯವರು ಸಲಿಕೆ ಆಡಲು ಅನುಕೂಲವಾಗಲಿ ಎಂದು ಅಗಲವಾದ ಗುಂಡಿ ತೋಡಿ, ಕಲ್ಲು ನಿಲ್ಲಿಸಿ, ಸಡಿಲ ಮಣ್ಣು ತುಂಬಿ, ಕಾಲಿನಲ್ಲಿ ತುಳಿದು ಮುಂದೆ ಹೋಗುತ್ತಾರೆ. ಅದು ಕಂಬ ನೆಟ್ಟ ಹಾಗಲ್ಲ, ಮಣ್ಣಲ್ಲಿ ಇಟ್ಟ ಹಾಗೆ. ಹಾರೆಯಲ್ಲಿ ಕಿರಿದಾಗಿ ತೋಡಿ, ಸುತ್ತಲ ಅಲುಗದ ಮಣ್ಣನ್ನು ಅಲುಗದ ಹಾಗೇ ಉಳಿಸಬೇಕು. ಕಲ್ಲಿನ ಸುತ್ತ ಚೂರುಗಲ್ಲು, ಗರಸು ಮಣ್ಣನ್ನು ಗೇಣುಗೇಣು ತುಂಬಿ, ಪ್ರತಿ ಪದರವನ್ನೂ ಹಾರೆಯ ಹಿಂಬದಿಯಿಂದ ಗುದ್ದಬೇಕು. ನಮ್ಮ ಕೆಂಪು ಗರಸಿನ ಮೇಲುಭೂಮಿಯಲ್ಲಿ ಹೀಗೆ ಎರಡಡಿ ಹೂತ ನಡುಕಂಬಕ್ಕೆ ಸಿಮೆಂಟೇ ಬೇಡ. ಹೇಮಾವತಿ ನಾಲೆಯ ಕೆಳಗಿನ ಗದ್ದೆ ಮಗ್ಗುಲಿನಲ್ಲಿ ಮಾತ್ರ ಎರಡೂವರೆ ಅಡಿಗೆ ಇಳಿಯಬೇಕು, ಮಣ್ಣು ವರ್ಷದ ಅರ್ಧ ಭಾಗ ನೆಂದೇ ಇರುತ್ತದೆ. ಮೂಲೆಗೆ ಎಲ್ಲಿದ್ದರೂ ಕಾಂಕ್ರೀಟ್ ಹಾಕಿಸಿ, ಅದು ಗಟ್ಟಿಯಾಗುವ ತನಕ ತಂತಿ ಮುಟ್ಟಬೇಡಿ. ಕೆಲಸ ಮುಗಿಸಿ ಮುಂದಿನ ಊರಿಗೆ ಹೋಗುವ ಆತುರದಲ್ಲಿ ಮಾರನೆಯ ದಿನವೇ ತಂತಿ ಎಳೆಯುವವರಿದ್ದಾರೆ. ವಾರ ಕಳೆದು ಬನ್ನಿ ಎಂದು ಖಡಾಖಂಡಿತವಾಗಿ ಹೇಳಬೇಕು.

ಕಲ್ಲಿನ ಬದಲು ಬೇರೆ ಕಂಬ ಹಾಕುವವರೂ ಇದ್ದಾರೆ. ಮರದ ಗೂಟ ನೆಲಮಟ್ಟದಲ್ಲಿ ಕೊಳೆಯುತ್ತದೆ. ನೀರೂ ಗಾಳಿಯೂ ಸೇರುವ ಜಾಗ ಅದು, ಗೆದ್ದಲೂ ಅಲ್ಲೇ ಹತ್ತುವುದು. ಚೇಗು ಬಲಿತ ಮರವಾದರೆ ಕೆಲ ವರ್ಷ ಹೆಚ್ಚು. ಕಬ್ಬಿಣದ ಆಂಗಲ್ ತುಕ್ಕು ಹಿಡಿಯುವುದೂ ಅದೇ ಮಟ್ಟದಲ್ಲಿ. ಸಿಮೆಂಟ್ ಕಂಬದಲ್ಲಿ ಸರಳು ಹೊರಮೈಗೆ ಹತ್ತಿರವಿದ್ದರೆ ತುಕ್ಕು ಉಬ್ಬಿ ಸಿಮೆಂಟನ್ನು ಸಿಡಿಸುತ್ತದೆ. ಚೆನ್ನಾಗಿ ಮಾಡಿದ ಸಿಮೆಂಟ್ ಕಂಬವನ್ನು ನಾನು ದೂರುವುದಿಲ್ಲ, ಆದರೆ ಒಳಗೆ ಏನಿದೆ ಎಂದು ಕೊಳ್ಳುವವನಿಗೆ ಕಾಣುವುದಿಲ್ಲ. ಅರಕಲಗೂಡಿನ ಕಾಡಂಚಿನವರು ಕಲ್ಲುಕಂಬದ ತಂತಿಬೇಲಿ ಆನೆಯನ್ನು ತಡೆಯುತ್ತದೆಯೇ ಎಂದು ಕೇಳುತ್ತಾರೆ. ತಡೆಯುವುದಿಲ್ಲ. ಆನೆಗಾಗಿ ಅರಣ್ಯ ಇಲಾಖೆ ಹಳೆಯ ರೈಲು ಹಳಿಗಳನ್ನೇ ನೆಟ್ಟು ಬೇಲಿ ಮಾಡುತ್ತಿದೆ, ಅದು ಬೇರೆಯದೇ ಲೆಕ್ಕ. ಹಾಗೆಂದು ಮನೆಯ ಕರೆಂಟನ್ನು ಬೇಲಿ ತಂತಿಗೆ ಕೊಡುವ ಕೆಲಸಕ್ಕೆ ಯಾರೂ ಕೈಹಾಕಬಾರದು. ಅದು ಅಪರಾಧ, ಅದರಿಂದ ಮನುಷ್ಯರೇ ಸತ್ತಿದ್ದಾರೆ.

ತಂತಿ ಕಂಬದ ಯಾವ ಮಗ್ಗುಲಿಗೆ ಬರಬೇಕು ಎಂಬುದನ್ನೂ ಯೋಚಿಸಿ. ದನ ಒತ್ತುವ ಕಡೆಗೆ ತಂತಿ ಇರಬೇಕು. ಒತ್ತಡ ಆಗ ಕಲ್ಲಿನ ಮೇಲೆ ಬೀಳುತ್ತದೆ. ಹಿಂದಕ್ಕೆ ಕಟ್ಟಿದರೆ ಎಲ್ಲ ಭಾರವೂ ಕಟ್ಟುತಂತಿಯ ಮೇಲೆ. ಹೊಲದ ಬೆಳೆ ಕಾಯುವ ಬೇಲಿಗೆ ತಂತಿ ಹೊರಗೆ, ದನದ ಆವರಣಕ್ಕೆ ಒಳಗೆ. ತಂತಿ ಪೋಣಿಸಲು ಕಲ್ಲಿಗೆ ತೂತು ಕೊರೆಸಬೇಡಿ, ಕಲ್ಲು ಆ ತೂತಿನಲ್ಲೇ ಮುರಿಯುತ್ತದೆ. ಸುತ್ತಿ ಕಟ್ಟಿದರೆ ಸಾಕು. ನಡುಕಂಬಕ್ಕೆ ತೀರಾ ಬಿಗಿಯಾಗಿಯೂ ಕಟ್ಟಬಾರದು, ತಂತಿ ಚಳಿ ಬಿಸಿಲಿಗೆ ಸರಿದಾಡಲಿ. ಹಳ್ಳ ದಾಟುವ ಕಡೆ ತಗ್ಗಿನ ಕಂಬವನ್ನು ತಂತಿ ಮೇಲಕ್ಕೆ ಎಳೆಯುತ್ತದೆ. ಅದರ ಬುಡಕ್ಕೆ ಅಡ್ಡಗಲ್ಲೊಂದನ್ನು ಬಿಗಿದು ಹೂತರೆ ಕಿತ್ತು ಬರುವುದಿಲ್ಲ.

ಇಷ್ಟೆಲ್ಲ ಗಟ್ಟಿ ಮಾಡಿದ ಮೂಲೆಯನ್ನು ಮತ್ತೆ ಕೀಳುವುದು ಸುಲಭವಲ್ಲ, ಆದ್ದರಿಂದ ಗುಂಡಿ ತೋಡುವ ಮೊದಲೇ ಸರ್ವೆಯವರಿಂದ ಗಡಿ ಅಳೆಸಿ ಹದ್ದುಬಸ್ತು ಮಾಡಿಸಿ. ಅರ್ಜಿ ಹಾಕಿ, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿ, ಸರ್ವೆಯವರು ಬಂದು ಅಳೆಯುವ ತನಕ ಕಾಯುವುದು ಬೇಸರವೇ. ಆದರೂ ಬದುವಿನ ತಕರಾರು ಕೋರ್ಟಿಗೆ ಹೋದಾಗ ಆಗುವ ಕಾಯುವಿಕೆಯ ಮುಂದೆ ಇದು ಏನೂ ಅಲ್ಲ. ಮೂಲೆಯಲ್ಲಿ ಗಡಿ ಗುರುತಿನ ಬಾಂದುಕಲ್ಲು ಸಿಕ್ಕಿದರೆ ಅದಕ್ಕೇ ತಂತಿ ಕಟ್ಟುವವರುಂಟು, ಒಂದು ಕೂಚ ಉಳಿಯಿತು ಎಂದು. ಖಂಡಿತ ಕೂಡದು. ಎಳೆತಕ್ಕೆ ಬಾಂದುಕಲ್ಲು ವಾಲಿದರೆ ಎರಡು ಮನೆಗಳ ಗಡಿಯೇ ಅಲುಗಿದ ಹಾಗೆ, ಕಾನೂನಿನಲ್ಲೂ ಅದು ತಪ್ಪು. ಮೂಲೆ ಕಂಬವನ್ನು ಬಾಂದುಕಲ್ಲಿನಿಂದ ಒಂದು ಮೊಳ ಒಳಕ್ಕೆ, ನಿಮ್ಮ ಜಮೀನಿನಲ್ಲೇ ನಿಲ್ಲಿಸಿ, ಕಾಂಕ್ರೀಟ್ ಅದನ್ನು ಮುಟ್ಟದಂತೆ ನೋಡಿಕೊಳ್ಳಿ. ಮುಂದೆ ಅಳೆಯಲು ಬಂದವರಿಗೆ ಸರಪಳಿ ಹಿಡಿಯಲು ಆ ಕಲ್ಲಿನ ಸುತ್ತ ಜಾಗ ಬೇಕು.