ಕುಡಿತದ ಜೊತೆ ಮಟಕಾ ಇದ್ದರೆ ವೈದ್ಯರಿಗೆ ಎರಡನ್ನೂ ಹೇಳಿ

'ಮೊದಲ ದಾರು ಬಿಡಸ್ರಿ, ಮಟಕಾ ತಾನಾಗೇ ಬಿಡ್ತಾನ.' ಶಹಾಬಾದ, ವಾಡಿ, ಸೇಡಂ ಕಡೆಯ ಮನೆಗಳಲ್ಲಿ ಈ ಮಾತು ಸಾಮಾನ್ಯ. ಪರ್ಸಿ ಖಣಿಯಿರಲಿ, ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೆಲಸವಿರಲಿ, ಬಟವಾಡೆಯ ಸಂಜೆ ಎರಡೂ ಕೂಡಿಯೇ ನಡೆಯುವುದರಿಂದ ಹಾಗನ್ನಿಸುತ್ತದೆ. ಆದರೆ ಇವು ಎರಡು ಕಾಯಿಲೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಜೂಜಿನ ಗೀಳನ್ನೂ ವ್ಯಸನವೆಂದೇ ಗುರುತಿಸಿದೆ.

ಮೊದಲು ಹದಿನೈದು ದಿನ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ಕುಡಿದದ್ದು ಎಷ್ಟು ಹೊತ್ತಿಗೆ, ನಂಬರ್ ಬರೆಸಿದ್ದು ಯಾವಾಗ, ಹೋದದ್ದೆಷ್ಟು. ಯಾವುದು ಯಾವುದನ್ನು ಎಳೆದು ತರುತ್ತಿದೆ ಎಂಬುದು ಅದರಲ್ಲೇ ಕಾಣುತ್ತದೆ. ಹಣ ಹೋಗುವ ಲೆಕ್ಕವನ್ನೂ ನೋಡಿ. ನಮ್ಮ ಕಡೆ ಮಟಕಾ ಬರೆಯುವವರು ಕೂಗುವುದು 'ರೂಪಾಯಿಗೆ ಎಂಬತ್ತು' ಎಂದು. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಜೋಡಿಗಳಿವೆ. ಎಲ್ಲದರ ಮೇಲೂ ಒಂದೊಂದು ರೂಪಾಯಿ ಹಚ್ಚಿದರೂ ತಿರುಗಿ ಬರುವುದು 80, ಹೋಗುವುದು 20. ಬೆಳಿಗ್ಗೆ ಈ ಲೆಕ್ಕ ಯಾರಿಗಾದರೂ ತಿಳಿಯುತ್ತದೆ. ಒಂದು ಕ್ವಾರ್ಟರ್ ಇಳಿದ ಮೇಲೆ 'ಹೋಗಿದ್ದು ಇವತ್ತೇ ತೆಗೀತೀನಿ' ಎಂಬ ಹಟವೊಂದೇ ಉಳಿದಿರುತ್ತದೆ.

ಇನ್ನು ಆಸ್ಪತ್ರೆ. ಬಹಳ ಮನೆಯವರು ತಪ್ಪುವುದು ಇಲ್ಲೇ. ಕುಡಿತವನ್ನು ಹೇಳುತ್ತಾರೆ, ಆಟವನ್ನು ಮುಚ್ಚಿಡುತ್ತಾರೆ. ನಾಚಿಕೆ ಒಂದು, ಪೊಲೀಸರ ಅಂಜಿಕೆ ಇನ್ನೊಂದು. ಹೇಳದಿದ್ದರೆ ವೈದ್ಯರು ಕುಡಿತಕ್ಕಷ್ಟೇ ಔಷಧ ಬರೆಯುತ್ತಾರೆ. ರೋಗಿ ಕುಡಿಯದೆ ಮನೆಗೆ ಬರುತ್ತಾನೆ, ಮನೆಯವರು ಸಮಾಧಾನಪಡುತ್ತಾರೆ. ಅಷ್ಟರಲ್ಲಿ ಅಮಲಿಲ್ಲದ ತಲೆಗೆ ಸಾಲದ ಲೆಕ್ಕವೆಲ್ಲ ನೆನಪಾಗುತ್ತದೆ, ನಿದ್ದೆ ಹತ್ತುವುದಿಲ್ಲ. ಒಂದೇ ಏಟಿಗೆ ಸಾಲ ತೀರಿಸುತ್ತೇನೆಂದು ಮತ್ತೆ ನಂಬರ್ ಬರೆಸುತ್ತಾನೆ, ಸೋಲುತ್ತಾನೆ, ಅವತ್ತೇ ರಾತ್ರಿ ಬಾಟಲಿ ಹಿಡಿಯುತ್ತಾನೆ. 'ಔಷಧ ನಾಟಲಿಲ್ಲ' ಎಂದು ಮನೆಯವರು ಆಸ್ಪತ್ರೆ ಬಿಡುತ್ತಾರೆ. ನಾಟದೆ ಹೋದದ್ದು ಔಷಧವಲ್ಲ, ಅರ್ಧ ಕಾಯಿಲೆ ವೈದ್ಯರ ಮುಂದೆ ಬರಲೇ ಇಲ್ಲ. ದಿನಕ್ಕೆ ಎಷ್ಟು ಕುಡಿಯುತ್ತಾನೆ, ವಾರಕ್ಕೆ ಎಷ್ಟು ಆಟಕ್ಕೆ ಹೋಗುತ್ತದೆ, ಸಾಲ ಎಷ್ಟಿದೆ ಎಂಬ ಮೂರನ್ನೂ ಮೊದಲ ದಿನವೇ ಹೇಳಿ. ರೋಗಿಯ ವಿಷಯ ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಎಲ್ಲಿಗೆ ಹೋಗಬೇಕು? ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ಕೇಳಿಕೊಳ್ಳಿ. ಹೋಗಲಾಗದಿದ್ದರೆ ಟೆಲಿ-ಮನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 'ಸಾಯ್ತೀನಿ' ಎಂಬ ಮಾತು ಬಂದರೆ ಬೆದರಿಕೆ ಎಂದು ತಳ್ಳಿಹಾಕದೆ, ಒಂಟಿಯಾಗಿ ಬಿಡದೆ, ಆಗಲೇ ಫೋನ್ ಮಾಡಿ.

ದಿನಾ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಲೇಬೇಡಿ. ಒಮ್ಮೆಲೇ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು, ಜೀವವೂ ಹೋಗಬಹುದು. ಕೈ ನಡುಕ, ವಿಪರೀತ ಬೆವರು ಕಂಡರೆ ಆಸ್ಪತ್ರೆಗೆ ಒಯ್ಯಿರಿ. ಫಿಟ್ಸ್ ಬಂದರೆ 108. ಕುಡಿತ ಬಿಡಿಸಲೆಂದು ಊಟದಲ್ಲಿ ಕದ್ದು ಬೆರೆಸುವ ಪುಡಿಯೂ ಬೇಡ. ಅದರ ಮೇಲೆ ಕುಡಿದರೆ ಪ್ರಾಣಕ್ಕೆ ಕುತ್ತು ಬರಬಹುದು.

ದುಡ್ಡಿನ ವಿಷಯ ಚುಟುಕಾಗಿ: ರೋಗಿಯನ್ನು ಒಪ್ಪಿಸಿಯೇ ಬಟವಾಡೆಯ ಹಣ ಮನೆಯವರ ಖಾತೆಗೆ ಬರುವಂತೆ ಮಾಡಿ. ಮೊಬೈಲ್‌ನಿಂದ ಫೋನ್‌ಪೇ, ರಮ್ಮಿ ಆ್ಯಪ್ ತೆಗೆಸಿ. ಬಂಗಾರ ಒತ್ತೆಯಿಟ್ಟು ಇಡೀ ಸಾಲವನ್ನು ಒಮ್ಮೆಲೇ ತೀರಿಸಬೇಡಿ. ಯಾರಿಗೆ ಎಷ್ಟು ಎಂದು ಪಟ್ಟಿ ಮಾಡಿ, ಕಂತಿನಲ್ಲಿ, ಸಾಲ ಕೊಟ್ಟವರ ಕೈಗೇ ಕೊಡಿ.